‘18’ ಎಂಬ ಮಂತ್ರ

ನಿನ್ನೆ ಬೆಳಿಗ್ಗೆ ಭಾವನ ಮನೆಯಲ್ಲಿ ಕುಡಿದ ಕಾಫಿಯ ಹುಳಿ ಇನ್ನೂ ನನ್ನ ನಾಲಿಗೆಯನ್ನು ಬಿಟ್ಟಿಲ್ಲ. ಹೊಸದಾಗಿ ತಂದ ಬರ್ ಗ್ರೈಂಡರ್, ಅಂದರೆ ‘ಬರ್’ ಎಂಬ ಹಲ್ಲುಳ್ಳ ಎರಡು ಭಾಗಗಳ ನಡುವೆ ಕಾಫಿ ಬೀಜವನ್ನು ಅರೆಯುವ ಯಂತ್ರ, ಅಡುಗೆಮನೆಯ ಕಟ್ಟೆಯ ಮೇಲೆ ಹೊಳೆಯುತ್ತಿತ್ತು. ಪುಡಿ ಎಷ್ಟು ನುಣ್ಣಗಿರಬೇಕೆಂದು ಹೊಂದಿಸುವ ಅದರ ಡಯಲ್ಲಿನ ಪಕ್ಕದಲ್ಲಿ ‘18’ ಎಂದು ಬರೆದ ಚೀಟಿಯೊಂದನ್ನು ಟೇಪು ಹಾಕಿ ಅಂಟಿಸಿದ್ದರು. 15 ಗ್ರಾಂ ಪುಡಿಯ ಮೇಲೆ ಸುರಿದ 250 ಗ್ರಾಂ ನೀರು ಒಂದೂವರೆ ನಿಮಿಷದೊಳಗೆ ಫಿಲ್ಟರ್ ಕಾಗದದಿಂದ ಸರಸರನೆ ಇಳಿದುಹೋದದ್ದನ್ನು ಕಂಡು, “ಭಾವ, ಪುಡಿ ತರಿಯಾಗಿದೆ, ಎರಡು ಗೆರೆ ನುಣ್ಣಗೆ ಮಾಡೋಣವೇ?” ಎಂದೆ. “ಮುಟ್ಟಬೇಡ, 18ರಲ್ಲೇ ಇಡಬೇಕೆಂದು ನನ್ನ ಸ್ನೇಹಿತ ಹೇಳಿದ್ದಾನೆ” ಎಂದರು. ಆ ಸ್ನೇಹಿತರ ಬಳಿ ಇರುವುದು ಬೇರೆಯೇ ಗ್ರೈಂಡರ್!

ನನ್ನ ಕಾಫಿಯ ಹುಚ್ಚನ್ನು ಇಷ್ಟು ವರ್ಷ ಸಹಿಸಿಕೊಂಡಿರುವ ನೀವಾದರೂ “ನಿಮ್ಮದು ಎಷ್ಟನೇ ನಂಬರಿನಲ್ಲಿದೆ?” ಎಂದು ದಯವಿಟ್ಟು ಕೇಳಬೇಡಿ. ಒಂದೇ ಮಾದರಿಯ ಎರಡು ಯಂತ್ರಗಳಲ್ಲೂ ಬರ್‌ಗಳು ಒಂದಕ್ಕೊಂದು ತಾಗುವ ಜಾಗ ಒಂದೇ ಗೆರೆಯಲ್ಲಿರುತ್ತದೆಂಬ ಭರವಸೆಯಿಲ್ಲ. ಬೀಜ ಬದಲಾದರೆ, ಅಥವಾ ಅದೇ ಬೀಜವನ್ನು ಸ್ವಲ್ಪ ಹೆಚ್ಚು ಹುರಿದಿದ್ದರೆ, ನಿನ್ನೆಯ ನಂಬರು ಇಂದು ಹೊಂದುವುದಿಲ್ಲ.

ಕೊಳ್ಳುವಾಗಲೂ ಇದೇ ಮೋಹ. ಡಬ್ಬದ ಮೇಲೆ ‘40 ಸೆಟ್ಟಿಂಗ್’ ಎಂದಿದ್ದರೆ ಸಾಕು, ಮನಸ್ಸು ಕರಗುತ್ತದೆ. ನುಣ್ಣನೆಯ ಪುಡಿಯೇ ಬೇಕಾದ ಎಸ್ಪ್ರೆಸೊ ಕಾಫಿ ಮಾಡುವವನಿಗೆ ಅವುಗಳಲ್ಲಿ ನಾಲ್ಕೈದು ಕೆಲಸಕ್ಕೆ ಬಂದರೆ ಹೆಚ್ಚು. ಅದರ ಬದಲು, ಕೈಯಿಂದ ತಿರುಗಿಸುವ ಗ್ರೈಂಡರಾದರೆ, ನಡುವಿನ ದಂಡವನ್ನು ಹಿಡಿದು ಅಲುಗಿಸಿ ನೋಡಿ. ಅದು ಸಡಿಲವಾಗಿದ್ದರೆ ಬರ್‌ಗಳ ನಡುವಿನ ಅಂತರ ಸುತ್ತಿನಿಂದ ಸುತ್ತಿಗೆ ಬದಲಾಗಿ, ಒಂದೇ ಚಿಟಿಕೆ ಪುಡಿಯಲ್ಲಿ ಹಿಟ್ಟಿನಂಥ ಧೂಳೂ ನುಚ್ಚಿನಂಥ ಚೂರೂ ಸಿಗುತ್ತವೆ. ಧೂಳು ಕಹಿಯನ್ನು ಬಿಡುತ್ತದೆ, ಚೂರು ಹುಳಿಯಲ್ಲೇ ನಿಲ್ಲುತ್ತದೆ. ಬೀಜವನ್ನು ಸಿಕ್ಕಲ್ಲಿ ಕೊಚ್ಚುವ ಬ್ಲೇಡ್ ಗ್ರೈಂಡರನ್ನು ನಾವು ಬಿಟ್ಟು ಬಂದದ್ದೇ ಈ ಕಾಟಕ್ಕಲ್ಲವೇ?

ಹೊಸಬರಿಗೆ ಆರಂಭಕ್ಕೊಂದು ನಂಬರಾದರೂ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು, ಮೊದಲ ಲೋಟಕ್ಕೆ. ಎರಡನೆಯ ಲೋಟದ ಹೊತ್ತಿಗೆ ಅವರವರ ನಾಲಿಗೆ ಎಲ್ಲಿಗೆ ಹೋಗಿರುತ್ತದೆ? ಹುಳಿಯಾಗಿ ತೆಳ್ಳಗಿದ್ದರೆ ನುಣ್ಣಗೆ ಮಾಡಬೇಕು, ಕಹಿಯಾಗಿ ಒಗರಾಗಿದ್ದರೆ ತರಿಯಾಗಿಸಬೇಕು. ಇಷ್ಟಕ್ಕೆ ಸ್ನೇಹಿತರ ಚೀಟಿ ಬೇಕಿಲ್ಲ. ವಿದ್ಯುತ್ ಗ್ರೈಂಡರಿನಲ್ಲಿ ನುಣ್ಣಗೆ ಮಾಡುವಾಗ ಮೋಟರು ತಿರುಗುತ್ತಿರಲಿ, ಇಲ್ಲವಾದರೆ ನಡುವೆ ಸಿಕ್ಕಿಕೊಂಡ ಚೂರುಗಳು ಡಯಲ್ಲನ್ನು ತಡೆಯುತ್ತವೆ.

ಇಷ್ಟೆಲ್ಲ ಗದರುವ ನಾನು ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಕಳೆದ ವರ್ಷ ಗ್ರೈಂಡರನ್ನು ಬಿಚ್ಚಿ, ಬರ್‌ಗಳನ್ನು ಬ್ರಷ್ಷಿನಿಂದ ಉಜ್ಜಿ, ಮತ್ತೆ ಜೋಡಿಸಿದ ಮೇಲೆ ಎರಡು ವಾರ ಸಪ್ಪೆ ಕಾಫಿ ಕುಡಿದೆ. ಡಯಲ್ಲು ಎಂದಿನ ನಂಬರಿನಲ್ಲೇ ಇದ್ದುದರಿಂದ ಯಂತ್ರದ ಮೇಲೆ ಅನುಮಾನವೇ ಬರಲಿಲ್ಲ. ಬೀಜ ಹಳತೆಂದು ಮಾರಿದವರ ಜೊತೆ ಜಗಳವಾಡಿ ಬಂದೆ. ಕೊನೆಗೆ ಇನ್ನೊಮ್ಮೆ ಬಿಚ್ಚಿದಾಗ, ಮೇಲಿನ ಬರ್ ಕೂರುವ ತೋಡಿನಲ್ಲಿ ಉಗುರಿನಷ್ಟು ಹಳೆಯ ಪುಡಿ ಗಟ್ಟಿಯಾಗಿ ಅಂಟಿಕೊಂಡು, ಬರ್ ಒಂದು ಕಡೆ ಎದ್ದು ನಿಂತಿತ್ತು. ಅದನ್ನು ಕೆರೆದು ಕೂರಿಸಿದೆ. ನಾನು ಹಳಿದಿದ್ದ ಅದೇ ಬೀಜದ ಘಮ ಮನೆಯನ್ನೆಲ್ಲ ತುಂಬಿತು. ಮಾರಿದವರಿಗೆ ಇದನ್ನು ಇಂದಿಗೂ ಹೇಳಿಲ್ಲ. ಬೀಜವನ್ನು ಮಾತ್ರ ಅವರಲ್ಲೇ ತರುತ್ತಿದ್ದೇನೆ.