ಹಾಲಿಗೆ ನೀರು ಬೆರೆಸಿದರೆ ಕಳ್ಳ, ಗೋಧಿಗೆ ಬೆರೆಸಿದರೆ ತಜ್ಞ

ತೂಕ ಇಳಿಸುವ ಪಟ್ಟಿಗಳಲ್ಲಿ ಈಗ ಒಂದು ಸಾಲು ಖಾಯಂ. 'ಅಕ್ಕಿ: ನೂರು ಗ್ರಾಂಗೆ 360 ಕ್ಯಾಲೊರಿ. ಬಲ್ಗರ್ ಗೋಧಿ: ಬರೀ 83!' ಬಲ್ಗರ್ ಎಂದರೆ ಬೇಯಿಸಿ, ಒಣಗಿಸಿ, ಒಡೆದ ಗೋಧಿ. ಓದಿದವರು ಅಂದೇ ಅನ್ನದ ತಪ್ಪಲೆಯನ್ನು ಅಟ್ಟಕ್ಕೇರಿಸುತ್ತಾರೆ. ಪಟ್ಟಿ ಹೇಳದೆ ಬಿಟ್ಟ ಸಣ್ಣ ಸಂಗತಿ ಇಷ್ಟೇ: ಅಕ್ಕಿಯನ್ನು ತೂಗಿದ್ದು ಮೂಟೆಯಿಂದ ತೆಗೆದು, ಬಲ್ಗರನ್ನು ತೂಗಿದ್ದು ತಟ್ಟೆಗೆ ಬಡಿಸಿದ ಮೇಲೆ.

ಬೆಂದ ಬಲ್ಗರಿನ ನೂರು ಗ್ರಾಂನಲ್ಲಿ ಹತ್ತಿರಹತ್ತಿರ 78 ಗ್ರಾಂ ನೀರೇ. ಒಣಗಿದ್ದಾಗ ತೂಗಿದರೆ ಅದಕ್ಕೂ 342 ಕ್ಯಾಲೊರಿ. ನಡುವೆ ಮಾಯವಾದ 259 ಕ್ಯಾಲೊರಿಯನ್ನು ಯಾರೂ ಕದ್ದಿಲ್ಲ, ನಲ್ಲಿ ತಿರುಗಿಸಿದ್ದಾರೆ ಅಷ್ಟೆ. ಹಾಲಿನವನ ಕ್ಯಾನಿಗಾದರೆ ಲ್ಯಾಕ್ಟೋಮೀಟರ್ ಇಳಿಬಿಡುತ್ತೇವೆ. ಇಲ್ಲಿ ಫೀಸು ಕೊಟ್ಟು ಕೈಮುಗಿದು ಬರುತ್ತೇವೆ. ಈ ಶಾಸ್ತ್ರದ ಪ್ರಕಾರ ನಾಡಿನ ಆದಿ ಡಯಟಿಷಿಯನ್ ಎಂದರೆ ಹಾಸ್ಟೆಲ್ಲಿನ ಸಾಂಬಾರು ಭಟ್ಟರು. ಪಾಪ, ಅವರಿಗೆ ಬೈಗುಳ ಮಾತ್ರ ಸಿಕ್ಕಿತು.

ಎರಡನ್ನೂ ಒಣಗಿದ್ದಾಗಲೇ ತಕ್ಕಡಿಗೆ ಹಾಕಿ ನೋಡಿ. 50 ಗ್ರಾಂ ಬಲ್ಗರ್ 171 ಕ್ಯಾಲೊರಿ, 50 ಗ್ರಾಂ ಅಕ್ಕಿ ಸುಮಾರು 180. ಇಷ್ಟು ಗಲಾಟೆ ನಡೆದದ್ದು ಒಂಬತ್ತು ಕ್ಯಾಲೊರಿಗೆ. ಬಲ್ಗರಿಗೆ ನಿಜವಾದ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ. ಆ 50 ಗ್ರಾಂ ಬೆಂದು 200 ಗ್ರಾಂ ಆದಾಗ ಅದರಲ್ಲಿ 9 ಗ್ರಾಂ ನಾರು, 6 ಗ್ರಾಂ ಪ್ರೊಟೀನ್. ಅಷ್ಟೇ ತೂಕದ ಬಿಳಿ ಅನ್ನದಲ್ಲಿ ನಾರು ಒಂದು ಗ್ರಾಂ ಕೂಡ ದಾಟದು. ಬೇಗ ಹೊಟ್ಟೆ ತುಂಬುವುದು ಈ ನಾರಿನಿಂದ, ನೀರಿನಿಂದ. ಆದರೆ 'ನಾರು' ಎಂದರೆ ಪೋಸ್ಟರು ಓಡುವುದಿಲ್ಲವಲ್ಲ, '83' ಎಂದರೆ ಓಡುತ್ತದೆ.

ಆ 83 ಕೂಡ ಶಿಲಾಶಾಸನವಲ್ಲ. ಒಂದು ಕಪ್, ಅಂದರೆ 140 ಗ್ರಾಂ, ದಪ್ಪ ಬಲ್ಗರಿಗೆ ಎರಡು ಕಪ್ ನೀರಿಟ್ಟು ಬೇಯಿಸಿದರೆ 570 ಗ್ರಾಂ ಆಸುಪಾಸು ಬರುತ್ತದೆ, ಲೆಕ್ಕ 84ಕ್ಕೆ ನಿಲ್ಲುತ್ತದೆ. ಉದುರುದುರಾಗಿರಲಿ ಎಂದು ಒಂದೂವರೆ ಕಪ್ಪಿಗೇ ನಿಲ್ಲಿಸಿದಿರೋ, 460 ಗ್ರಾಂ ಬಂದು ಅದೇ ಗೋಧಿ 104 ಆಯಿತು. ಪಾತ್ರೆ ಮುಚ್ಚದೆ ಕುದಿಸಿದವರು ಆವಿಯ ಜತೆಗೆ ತಮ್ಮ ಡಯಟ್ಟನ್ನೂ ಕಳೆದುಕೊಂಡರು! ಅಡುಗೆಮನೆಯ ತಕ್ಕಡಿ ಇದ್ದವರಿಗೆ ದಾರಿ ಸುಲಭ: ಒಣ ತೂಕವನ್ನು 342ರಿಂದ ಗುಣಿಸಿ, ಬೆಂದ ತೂಕದಿಂದ ಭಾಗಿಸಿ, ಬೆಂದ ನೂರು ಗ್ರಾಂನ ಕ್ಯಾಲೊರಿ ಸಿಕ್ಕಿತು. ಖಾಲಿ ಪಾತ್ರೆಯ ತೂಕ ಕಳೆಯಲು ಮರೆತರೆ ಇನ್ನೂ ಚೆಂದ, ಸ್ಟೀಲಿಗೆ ಕ್ಯಾಲೊರಿ ಇಲ್ಲ.

ಇನ್ನು 'ಬಲ್ಗರ್ ಅಂದರೆ ನಮ್ಮ ಗೋಧಿ ನುಚ್ಚೇ' ಎನ್ನುವ ಪಂಡಿತರು. ಅಲ್ಲ ಸ್ವಾಮಿ. ತುರ್ಕಿ, ಲೆಬನಾನ್ ಕಡೆ ಇಡೀ ಗೋಧಿಯನ್ನು, ಸಾಮಾನ್ಯವಾಗಿ ಡ್ಯೂರಮ್ ಜಾತಿಯದನ್ನು, ಹಂಡೆಯಲ್ಲಿ ಬೇಯಿಸಿ, ಬಿಸಿಲಲ್ಲಿ ಒಣಗಿಸಿ, ಆಮೇಲೆ ಒಡೆದು ಜರಡಿ ಹಿಡಿಯುತ್ತಾರೆ. ಮಂಗಳೂರಿನವರಿಗೆ ಒಂದೇ ಮಾತಲ್ಲಿ ಹೇಳಬಹುದು: ಇದು ಗೋಧಿಯ ಕುಚ್ಚಲಕ್ಕಿ. ನಮ್ಮ ನುಚ್ಚು ಹಸಿ ಗೋಧಿ ಒಡೆದದ್ದು. ಆದ್ದರಿಂದ ಸಣ್ಣ ಬಲ್ಗರ್ ಬಿಸಿನೀರಲ್ಲಿ 15-20 ನಿಮಿಷ ನೆನೆದರೆ ತಿನ್ನಲು ತಯಾರು. ಲೆಬನಾನಿನ ಸೊಪ್ಪಿನ ಸಲಾಡ್ ತಬೂಲೆ ಆಗುವುದು ಹಾಗೆಯೇ. ನುಚ್ಚನ್ನು ಹಾಗೆ ನೆನೆಸಿ ಸಲಾಡ್ ಎಂದು ಬಡಿಸಿದರೆ ಹಲ್ಲಿಗೆ ಸುಣ್ಣದಕಡ್ಡಿ ಜಗಿದ ಅನುಭವ. ಅದಕ್ಕೆ 20-25 ನಿಮಿಷದ ಕುದಿ ಬೇಕು, ಇಲ್ಲವೇ ಕುಕ್ಕರು. ಅದೇ ಕುಕ್ಕರಿನಲ್ಲಿ ಸಣ್ಣ ಬಲ್ಗರಿಟ್ಟು ಮೂರು ಸೀಟಿ ಹೊಡೆಸಿದವರಿಗೆ ಪೋಸ್ಟರು ಅಂಟಿಸುವ ಗೋಂದು ಪುಕ್ಕಟೆ.

ಕೆಲವು ಕಡೆ ಇದನ್ನು ಸಿರಿಧಾನ್ಯಗಳ ಸಾಲಿನಲ್ಲಿ ಕೂರಿಸಿ 'ಗ್ಲೂಟೆನ್ ರಹಿತ' ಪಟ್ಟವನ್ನೂ ಕಟ್ಟಿದ್ದಾರೆ. ಗ್ಲೂಟೆನ್ ಎಂದರೆ ಗೋಧಿಯಲ್ಲೇ ಇರುವ ಅಂಟು ಪ್ರೊಟೀನ್, ಗೋಧಿ ಬೇಯಿಸಿ ಒಣಗಿಸಿದರೂ ಗೋಧಿಯೇ. ಗ್ಲೂಟೆನ್ ಆಗದ ಸೀಲಿಯಕ್ ರೋಗವಿರುವವರಿಗೆ ಒಂದು ಚಮಚವೂ ಸಲ್ಲದು. 'ಸಕಲ ಜೀವಸತ್ವ' ಎನ್ನುವುದೂ ಅಂಥದ್ದೇ: ಬಿ12 ಇಲ್ಲ, ಸಿ ಇಲ್ಲ. ಬೆಂದ ನೂರು ಗ್ರಾಂನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಹತ್ತಿರ, ಅದರಲ್ಲೂ ಒಂದಷ್ಟನ್ನು ಧಾನ್ಯದೊಳಗಿನ ಫೈಟೇಟು ಎಂಬ ಅಂಶ ಮೈಗೆ ಹತ್ತದಂತೆ ಹಿಡಿದಿಟ್ಟುಕೊಂಡೇ ಬಿಡುತ್ತದೆ. ನಿಂಬೆಯ ಸಿ ಜೀವಸತ್ವ ಇದ್ದರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ತಬೂಲೆಗೆ ನಿಂಬೆ ಹಿಂಡುವ ಲೆಬನಾನಿನ ಅಜ್ಜಿಯರು ಪಟ್ಟಿ ಓದದೆಯೂ ಸರಿಯಾದದ್ದನ್ನೇ ಮಾಡಿದರು. ಗೋಧಿಯಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಪ್ರೊಟೀನಿನ ಅಂಶ ಬೇಳೆಯಿಂದ ಬರಬೇಕು, ಹಾಗಾಗಿ ಬಲ್ಗರಿನ ಬಿಸಿಬೇಳೆಬಾತ್ ಮಾಡುವವರನ್ನು ನಗಬೇಡಿ.

ನಗಬೇಕಾದದ್ದು ಒಗ್ಗರಣೆಯ ಹೊತ್ತಿಗೆ. ಅನ್ನ ಬಿಟ್ಟ ವ್ರತಸ್ಥರು 171 ಕ್ಯಾಲೊರಿಯ ಬಲ್ಗರಿಗೆ ಎರಡು ದೊಡ್ಡ ಚಮಚ ಎಣ್ಣೆ ಸುರಿಯುತ್ತಾರೆ: 240. ಮೇಲೆ ಹಿಡಿ ಗೋಡಂಬಿ. ತಟ್ಟೆಯಲ್ಲಿ ಗೋಧಿ ಈಗ ಅಲ್ಪಸಂಖ್ಯಾತ.

ಪಟ್ಟಿಯವರ ಅಳತೆಗೋಲನ್ನೇ ಹಿಡಿದು ಸ್ಪರ್ಧೆ ನಡೆಸಿದರೆ ಫಲಿತಾಂಶ ಹೀಗಿರುತ್ತದೆ: ಗಂಜಿತಿಳಿ ಪ್ರಥಮ, ಬೆಂದ ಬಲ್ಗರ್ ದ್ವಿತೀಯ, 130 ಕ್ಯಾಲೊರಿಯ ಬೆಂದ ಅನ್ನ ತೃತೀಯ. ಅವಲಕ್ಕಿ ಒಣಗಿಯೇ ಬಂದಿದ್ದರಿಂದ 350ರ ಆಸುಪಾಸು ಪಡೆದು ಅನುತ್ತೀರ್ಣ. ಹತ್ತು ನಿಮಿಷ ನೆನೆದು ಮರುಪರೀಕ್ಷೆಗೆ ಕೂರಬಹುದು.