ಪಾಯಿಂಟ್ ನಾಲ್ಕು ಪರ್ಸೆಂಟ್ ಮೆಡಿಕಲ್ ಸೀಟು

ವಿಜಯಪುರದಲ್ಲಿ ಸೀಟು ಭವಿಷ್ಯದ ಸೀಸನ್ ಶುರುವಾಯಿತು. ಫ್ಲೆಕ್ಸ್ ನೋಡಿರ್ತೀರಿ. ನೀಟ್ ಮಾರ್ಕ್ಸ್ ಹೇಳಿ, ಕಾಲೇಜು ಯಾವುದಂತ ಉಚಿತವಾಗಿ ತಿಳಿಯಿರಿ. ಉಚಿತ ಅಂದ್ರೆ ಮೊದಲ ಹತ್ತು ನಿಮಿಷ, ಆಮೇಲೆ ಪ್ಯಾಕೇಜು.

ಈ ಕೌನ್ಸೆಲಿಂಗ್ ಪಂಡಿತರನ್ನು ಕಂಡರೆ ನನಗೆ ಗೌರವ ಜಾಸ್ತಿ. ಹವಾಮಾನ ಇಲಾಖೆಯವರು 'ಅಲ್ಲಲ್ಲಿ ಮಳೆ' ಅಂತ ಹೇಳಿ ಜಾರಿಕೊಳ್ಳುತ್ತಾರೆ. ಇವರು ಲ್ಯಾಪ್‌ಟಾಪ್ ತಿರುಗಿಸಿ ಸೀಟು ಸಿಗೋ ಚಾನ್ಸ್ 73.4 ಪರ್ಸೆಂಟ್ ಅಂತ ತೋರಿಸುತ್ತಾರೆ. ಫೀಸು ಇರೋದೇ ಆ ಪಾಯಿಂಟ್ ನಾಲ್ಕಕ್ಕೆ.

ಒಳಗಿರೋದು ಹೋದ ವರ್ಷದ ಕಟ್ ಆಫ್ ಪಟ್ಟಿ. ರಾಜ್ಯದಲ್ಲಿ ಸೀಟು ಹಂಚುವ ಕೆಇಎ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಅದೆಷ್ಟು ನಂಬಿಕಸ್ಥ ಪಟ್ಟಿ ನೋಡಿ. 2024ರ ನೀಟ್‌ನಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಬಂತು, ಗಲಾಟೆ ಆಯ್ತು, ಸುಪ್ರೀಂ ಕೋರ್ಟಿಗೆ ಹೋಯ್ತು, ಗ್ರೇಸ್ ಮಾರ್ಕ್ಸ್ ವಾಪಸಾಯ್ತು, ಕೊನೆಗೆ 17 ಮಂದಿ ಉಳಿದರು. 2025ರಲ್ಲಿ ಫಿಸಿಕ್ಸ್ ಪೇಪರ್ ಮಕ್ಕಳನ್ನು ಹಿಂಡಿ ಹಾಕಿತು. ದೇಶಕ್ಕೇ ಮೊದಲು ಬಂದವನಿಗೆ 686. ಹಳೇ ಪಟ್ಟಿ ಹಿಡಿದು ಕೂತಿದ್ದ ಪಂಡಿತರ ಮುಂದೆ ಆ ಹುಡುಗ ಬಂದಿದ್ದರೆ, ದೆಹಲಿ ಏಮ್ಸ್ ಆಸೆ ಬಿಡಪ್ಪ ಅಂತ ಹೇಳಿ ಕಳಿಸ್ತಿದ್ದರು!

ನಮ್ಮ ಕಡೆ ಇದೇ ಕೆಲಸವನ್ನು ಕಾಕಾಗಳು ಪುಕ್ಕಟೆ ಮಾಡುತ್ತಾರೆ. ಯಾರದೋ ಸೀಮಂತದಲ್ಲಿ ಊಟಕ್ಕೆ ಕೂತಾಗ ಶುರು.

"ಎಷ್ಟ ಬಿದ್ದಾವೋ ತಮ್ಮಾ?"

"ಐದನೂರಾ ಹತ್ತರೀ ಕಾಕಾ."

"ಹಂಗಾರ ಬೆಳಗಾವಿ ಬಿಮ್ಸ್ ಪಕ್ಕಾ ಬಿಡು. ಏ, ಇವಂಗ ಇನ್ನೊಂದ್ ಹೋಳಿಗಿ ಹಾಕ್ರಿ."

ಕಾಕಾಗೆ ರೌಂಡೂ ಗೊತ್ತಿಲ್ಲ, ಕೆಟಗರಿಯೂ ಗೊತ್ತಿಲ್ಲ. ಆದರೂ ಹೋಳಿಗೆ ಬಂತಲ್ಲ. ಕಾಕಾನ ಮಾತು ಸುಳ್ಳಾದರೆ ಮುಂದಿನ ಸೀಮಂತದಲ್ಲಿ ಹಿಡಿದು ಕೇಳಬಹುದು. ಪಂಡಿತರನ್ನು ಕೇಳಿದರೆ "ಈ ವರ್ಷ ಟ್ರೆಂಡ್ ಚೇಂಜ್ ಆತ್ರಿ ಸರ್" ಅಂತಾರೆ, ಮುಗೀತು.

ಇನ್ನೂ ಮಜಾ ಅಂದ್ರೆ ಹೊರರಾಜ್ಯದ ಆ್ಯಪ್‌ಗಳು. ಆಲಮೇಲದ ಹುಡುಗಿಗೂ ಭೀಮಾ ನದಿ ಆಚೆ ಅಫಜಲಪುರದ ಹುಡುಗಿಗೂ ಒಂದೇ ಮಾರ್ಕ್ಸ್ ಬಂದರೂ ಲೆಕ್ಕ ಬೇರೆ, ಯಾಕಂದ್ರೆ ಕಲಬುರಗಿ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೀಟು ಮೀಸಲಿಡೋ 371(ಜೆ) ಒಳಗಿದೆ, ನಮ್ಮದು ಇಲ್ಲ. ಅದು ಕಾನೂನು, ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ನಾನು ನೋಡಿದ ಒಂದು ಆ್ಯಪ್ ಇದನ್ನು ಕೇಳಲೇ ಇಲ್ಲ. ಅಪ್ಪನ ವರ್ಷದ ಆದಾಯ ಮಾತ್ರ ಮರೆಯದೆ ಕೇಳಿತು.

ನಗು ಇಲ್ಲಿಗೆ ಸಾಕು. 2025ರಲ್ಲಿ ನೀಟ್ ಬರೆದವರು 22 ಲಕ್ಷ ಮಕ್ಕಳು. ದೇಶದಲ್ಲಿ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಖಾಸಗಿಯವು. ಅವುಗಳ ಫೀಸು ಕೇಳಿದರೆ ಹೊಲ ಇದ್ದವನೂ ಪಹಣಿ ತೆಗೆದು ನೋಡಬೇಕು. ನಮ್ಮ ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜೇ ಬೇಕು, ಖಾಸಗಿಯವರ ಜೊತೆ ಸೇರಿ ನಡೆಸೋ ಪಿಪಿಪಿ ಬೇಡ ಅಂತ ಅದೇ ವರ್ಷ ಜನ ತಿಂಗಳುಗಟ್ಟಲೆ ಧರಣಿ ಕೂರಬೇಕಾಯಿತು. ಸೀಟೇ ಇಲ್ಲದ ಕಡೆ ಹದಿನೇಳು ವರ್ಷದ ಹುಡುಗಿಯನ್ನು ಅಪ್ಪನ ಎದುರಿಗೇ ಕೂರಿಸಿ "ನಿನ್ನ ಚಾನ್ಸ್ 11 ಪರ್ಸೆಂಟ್" ಅನ್ನೋದಕ್ಕೆ ದುಡ್ಡು ತಗೋತೀರಲ್ಲ, ನಾಚಿಕೆ ಆಗಲ್ವಾ?

ಆಗಲ್ಲ ಬಿಡಿ. ಕೊನೇ ರೌಂಡ್ ಮುಗಿದ ವಾರವೇ ಅಪ್ಪನಿಗೆ ಫೋನ್ ಬರುತ್ತೆ. ರಿಪೀಟರ್ಸ್ ಬ್ಯಾಚ್ ಸೋಮವಾರದಿಂದ, ಹಾಸ್ಟೆಲ್ ಸೇರಿ, ಎರಡು ಕಂತಿನಲ್ಲಿ ಕಟ್ಟಬಹುದು.