ಗಾಳಿಯಲ್ಲಿ ಇಂಗಾಲ ಏರಿದರೆ ಅಲಸಂದೆ ಭತ್ತಕ್ಕೆ ಹೆಚ್ಚು ಸಾರಜನಕ ಬಿಟ್ಟುಕೊಡುತ್ತದೆಯೇ?

ಪರ

ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಕೊಂಕಣಿಯವರು ‘ಅಳಸಾಂದೆ’ ಎಂದು ಮಾರುವುದು ನಮ್ಮ ಅಲಸಂದೆಯನ್ನೇ. ಹಾವೇರಿ ಬಿಟ್ಟು ಗೋವಾಕ್ಕೆ ಬಂದು ಇಪ್ಪತ್ತು ವರ್ಷವಾದರೂ ಆ ಹೆಸರು ಕಿವಿಗೆ ಬಿದ್ದರೆ ನನಗೆ ಊರಿನ ಹೊಲ ನೆನಪಾಗುತ್ತದೆ. ಇಲ್ಲಿ ಮಳೆಗಾಲಕ್ಕೆ ಭತ್ತ. ಅದನ್ನು ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ತೇವಕ್ಕೆ ಅಲಸಂದೆ. ಒಂದು ಗಿಡ ಕಿತ್ತು, ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಾಗಿದ್ದರೆ ಅಲ್ಲಿ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂದರ್ಥ.

ಆ ಬ್ಯಾಕ್ಟೀರಿಯಾ ಪುಕ್ಕಟೆ ದುಡಿಯುವುದಿಲ್ಲ, ಅದಕ್ಕೆ ಸಕ್ಕರೆ ಬೇಕು. ಸಕ್ಕರೆ ಮಾಡುವ ಎಲೆಗೆ ಇಂಗಾಲದ ಡೈಆಕ್ಸೈಡ್ ಬೇಕು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರುವಾದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 315 ಭಾಗವಿತ್ತು. ಈಗ 420 ದಾಟಿದೆ. ಭೂಮಿ ಬಿಸಿಯಾಗುವುದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಹೇಗೂ ಬಂದು ಕುಳಿತದ್ದನ್ನು ಯಾವ ಬೆಳೆ ಚೆನ್ನಾಗಿ ದುಡಿಸಿಕೊಳ್ಳುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಭತ್ತವಂತೂ ಅಲ್ಲ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಯಲು ಪ್ರಯೋಗಗಳ ಲೆಕ್ಕವೊಂದು ಪ್ರಕಟವಾಯಿತು. ಡೈಆಕ್ಸೈಡ್ 550ರ ಆಸುಪಾಸಿಗೆ ಏರಿದಾಗ ಸಾರಜನಕ ಸೇರಿಯೇ ಆಗುವ ಪ್ರೋಟೀನ್ ಅಕ್ಕಿಯಲ್ಲಿ ಸುಮಾರು ಶೇ. 8, ಗೋಧಿಯಲ್ಲಿ ಸುಮಾರು ಶೇ. 6 ಇಳಿದಿತ್ತು. ಬಟಾಣಿ, ಸೋಯಾ ಹೆಚ್ಚು ಅಲುಗಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1993ರಿಂದ ನಡೆದ ಪ್ರಯೋಗದಲ್ಲಿ 600 ಭಾಗದ ಗಾಳಿ ಉಂಡ ಕ್ಲೋವರ್ (ಅಲಸಂದೆಯಂತೆ ಬೇರುಗಂಟು ಕಟ್ಟುವ ಮೇವಿನ ಗಿಡ) ತನಗೆ ಬೇಕಾದ ಹೆಚ್ಚಿನ ಸಾರಜನಕವನ್ನು ಮಣ್ಣಿನಿಂದ ಕಿತ್ತುಕೊಳ್ಳದೆ ಗಾಳಿಯಿಂದಲೇ ಪಡೆಯಿತು. ಹಾಗಿರುವಾಗ ಭತ್ತದ ಕೊರತೆ ತುಂಬಲು ಯೂರಿಯಾ ಚೀಲಕ್ಕೆ ಕೈಹಾಕುವ ಮೊದಲು ಅಲಸಂದೆಯನ್ನು ನಂಬುವುದರಲ್ಲಿ ತಪ್ಪೇನು?

ವಿರೋಧ

‘ಪರ’ ಬರೆದ ಅತ್ತಿಗೆಯವರು ತೋರಿಸಿದ ಕೆಂಪು ಗಂಟನ್ನು ನಾನೂ ನೋಡಿದ್ದೇನೆ, ಅದರಲ್ಲಿ ತಕರಾರಿಲ್ಲ. ಆದರೆ ನಮ್ಮ ಗದ್ದೆ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲಲ್ಲ, ಜಂಬಿಟ್ಟಿಗೆ ಗುಡ್ಡದ ಕೆಳಗಿನ ಹುಳಿ ಮಣ್ಣು. ಇದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಸೇರಿ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತವೆ. ಒಂದು ಸಾರಜನಕ ಅಣುವನ್ನು ಒಡೆಯಲು ಬೇರುಗಂಟಿಗೆ ಕಡಿಮೆಯೆಂದರೂ 16 ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಖರ್ಚು, ಎಟಿಪಿ ಕಟ್ಟಲು ರಂಜಕವೇ ಬೇಕು. ಸಾರಜನಕ ಹಿಡಿಯಲು ಚೂರೇ ಚೂರು ಬೇಕಾದ ಮಾಲಿಬ್ಡಿನಂ ಎಂಬ ಲೋಹ ಕೂಡ ಹುಳಿ ಮಣ್ಣಿನಲ್ಲಿ ಗಿಡದ ಕೈಗೆ ಸುಲಭವಾಗಿ ಸಿಗುವುದಿಲ್ಲ. ಇವಿಲ್ಲದೆ ಬರೀ ಸಕ್ಕರೆ ಸುರಿಯುವುದೆಂದರೆ ಒಲೆಗೆ ಸೌದೆ ತುಂಬಿ ಮೇಲೆ ಖಾಲಿ ಪಾತ್ರೆ ಇಟ್ಟ ಹಾಗೆ.

ಇನ್ನು, ಹಿಡಿದದ್ದೆಲ್ಲ ಗದ್ದೆಯಲ್ಲಿ ಉಳಿಯುವುದೂ ಇಲ್ಲ. ಅಲಸಂದೆ ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಪಾಲು ಪ್ರೋಟೀನ್. ಸಾರಜನಕ ಅಲ್ಲಿ ಸೇರಿಕೊಂಡು ಸಂತೆಗೆ ಹೋಗುತ್ತದೆ. ಫಸಲು ಹೆಚ್ಚಿದಷ್ಟೂ ಹೊರಗೆ ಹೋಗುವುದೂ ಹೆಚ್ಚು. ಕಳೆದ ವರ್ಷ ಬಳ್ಳಿಯನ್ನೂ ಕಿತ್ತು ಪಕ್ಕದ ಮನೆಯ ಎಮ್ಮೆಗೆ ಹಾಕಿದೆವು. ಅವರಿಗೆ ಹಾಲಾಯಿತು, ನಮ್ಮ ಗದ್ದೆಗೆ ಬೇರು ಉಳಿಯಿತು. ಇದನ್ನು ಅತ್ತಿಗೆಯವರು ಬರೆದಿಲ್ಲ.

ನನ್ನ ದೊಡ್ಡ ಚಿಂತೆ ಮಾತ್ರ ಹೊತ್ತಿನದು. ಅಲಸಂದೆ ಮಾರ್ಚಿಗೆ ಮುಗಿಯುತ್ತದೆ, ಭತ್ತ ಸಾರಜನಕ ಕೇಳುವುದು ಜುಲೈನಲ್ಲಿ. ಬೇಸಿಗೆಯಿಡೀ ಕಾದು ಒಣಗಿದ ಮಣ್ಣು ಮೊದಲ ಮಳೆಗೆ ನೆನೆದ ಕೂಡಲೇ ಸೂಕ್ಷ್ಮಜೀವಿಗಳು ಎಚ್ಚೆತ್ತು, ಬೇರಿನಲ್ಲಿದ್ದ ಸಾರಜನಕವನ್ನು ನೀರಿನಲ್ಲಿ ಕರಗುವ ನೈಟ್ರೇಟ್ ಮಾಡುತ್ತವೆ. ಅದನ್ನು ಹೀರುವ ಬೇರು ಆಗ ಗದ್ದೆಯಲ್ಲೇ ಇರುವುದಿಲ್ಲ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನೈಟ್ರೇಟ್ ಆ ನೀರಿನ ಜೊತೆ ಇಳಿದುಹೋಗುತ್ತದೆ. ಉಳಿದದ್ದು, ನೀರು ನಿಂತು ಮಣ್ಣಿಗೆ ಉಸಿರು ಕಟ್ಟಿದಾಗ, ಅನಿಲವಾಗಿ ಗಾಳಿಗೆ ವಾಪಸು. ಅದರಲ್ಲಿ ಒಂದಿಷ್ಟು ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು ಬಿಸಿ ಏರಿಸುವಂಥದ್ದು.

ಡೈಆಕ್ಸೈಡ್ ಹೆಚ್ಚಿದ ಗಾಳಿಯಲ್ಲಿ ಬೆಳೆದ ಭತ್ತದ ಕೂಳೆಯಲ್ಲಿ ಸಾರಜನಕ ಇನ್ನೂ ಕಡಿಮೆ. ಅದನ್ನು ಕೊಳೆಸುವ ಜೀವಿಗಳು ಮಣ್ಣಿನಲ್ಲಿದ್ದುದನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಆಗ ಅಲಸಂದೆ ಗಾಳಿಯಿಂದಲೇ ಹೆಚ್ಚು ತರಬೇಕಾಗುತ್ತದಲ್ಲ ಎಂದು ಅತ್ತಿಗೆಯವರು ಕೇಳಿಯಾರು. ನಿಜ, ರಂಜಕವಿದ್ದರೆ.

ಈ ಸಲ ಅರ್ಧ ಗದ್ದೆಗೆ ಶಿಲಾರಂಜಕ (ರಂಜಕವಿರುವ ಕಲ್ಲಿನ ಪುಡಿ) ಹಾಕಿ, ಬಳ್ಳಿಯನ್ನು ನಾಟಿಗೆ ಸ್ವಲ್ಪ ಮೊದಲು ಅಲ್ಲೇ ಉಳುವುದೆಂದು ಇಬ್ಬರೂ ಒಪ್ಪಿದ್ದೇವೆ. ಉಳಿದರ್ಧ ಹಳೆಯ ಹಾಗೆಯೇ. ಎಮ್ಮೆಯ ಮನೆಯವರಿಗೆ ಇದನ್ನು ಯಾರು ಹೇಳುವುದೆಂದು ಇನ್ನೂ ತೀರ್ಮಾನವಾಗಿಲ್ಲ.